ಚಷ್ಮಾ ಹಾಕಿಕೊಂಡು ತೆಗೆದ ಫೋಟೋ

ಕ್ಯಾಮೆರಾ ಮಾಡಿದವನಿಗೆ ಚಷ್ಮಾ ಇರಲಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಇದ್ದಿದ್ದರೆ ನೋಡುವ ಕಿಂಡಿಯನ್ನು ಅಷ್ಟು ಸಣ್ಣದು ಮಾಡುತ್ತಿರಲಿಲ್ಲ. ಚಷ್ಮಾ ತೆಗೆದು ಕಣ್ಣಿಟ್ಟರೆ ಮನುಷ್ಯರೆಲ್ಲ ಹಬೆಯೊಳಗಿನ ಕಡುಬಿನ ಹಾಗೆ ಕಾಣುತ್ತಾರೆ. ಹಾಕಿಕೊಂಡು ಇಟ್ಟರೆ ಗಾಜು ತಾಗಿ ಟಣ್ ಎನ್ನುತ್ತದೆ. ಕಣ್ಣು ಕಿಂಡಿಗೆ ಮುಟ್ಟುವುದಿಲ್ಲ; ನಟ್ಟನಡುವಿನದಷ್ಟೇ ಕಾಣುತ್ತದೆ, ಸುತ್ತಲಿನದೆಲ್ಲ ಕತ್ತಲೆ.

ಇಣುಕುವುದು ನನಗೇನು ಹೊಸದಲ್ಲ. ನನ್ನ ಗಂಡ ಹೆಣ್ಣು ನೋಡಲು ಬಂದ ದಿನ ನಾನು ಅವರನ್ನು ನೋಡಿದ್ದು ಅಡುಗೆಮನೆಯ ಬಾಗಿಲ ಸಂದಿಯಿಂದ. ಒಂದು ಕಿವಿ, ಅರ್ಧ ಮೀಸೆ ಕಂಡಿತು. ಅಷ್ಟರ ಮೇಲೆಯೇ ಹೂಂ ಅಂದೆ. ಉಳಿದರ್ಧ ಮೀಸೆ ಮದುವೆಯಲ್ಲಿ ಕಂಡಿತು. ಅದೂ ಚೆನ್ನಾಗಿಯೇ ಇತ್ತು.

ಆ ಕ್ಯಾಮೆರಾ ನನ್ನ ಮಗ ವಸಂತ ಆಫೀಸಿನ ಗೆಳೆಯನಿಂದ ಒಂದು ಭಾನುವಾರಕ್ಕೆ ಎರವಲು ತಂದದ್ದು. ಬಾಂದ್ರಾದ ಸಮುದ್ರ, ಪರೇಲಿನ ನಮ್ಮ ಚಾಳು, ಚಾಳಿನ ಬೆಕ್ಕು ಎನ್ನುತ್ತ ರೀಲು ಮುಗಿಯುತ್ತ ಬಂತು. ಒಂದೇ ಫೋಟೋ ಉಳಿದಾಗ ಸೊಸೆ ಶಾಂತಾ ನನ್ನ ಹತ್ತಿರ ಬಂದು, "ಅತ್ತೀ, ನಮ್ಮವ್ವ ಹಾಸಿಗಿ ಹಿಡದಾಳ. ನಮ್ಮಿಬ್ಬರನ್ನೂ ಕೂಡಿ ನೋಡಬೇಕಂತ ಅಕೀ ಆಸೆ," ಎಂದಳು. ಅವರ ಮದುವೆಯಲ್ಲಿ ಫೋಟೋದವನಿರಲಿಲ್ಲ. ಅವಳ ತವರು ವಿಜಾಪುರ; ಇಬ್ಬರೂ ಕೂಡಿ ಹೋಗಿಬರುವಷ್ಟು ಹತ್ತಿರದ್ದಲ್ಲ. ಗಂಡನೇ ಕ್ಯಾಮೆರಾ ಹಿಡಿದರೆ ಗಂಡ ಫೋಟೋದೊಳಗೆ ಬರುವುದು ಹೇಗೆ? "ತಾ ಇಲ್ಲೆ," ಎಂದು ನಾನೇ ಕಸಿದುಕೊಂಡೆ.

ನಮ್ಮಲ್ಲಿ ಹಿರಿಯರೆದುರು ಗಂಡಹೆಂಡಿರು ಹತ್ತಿರ ನಿಲ್ಲುವುದಿಲ್ಲ. ಇವರೂ ಚಾಳಿನ ಅಂಗಳದಲ್ಲಿ ನಡುವೆ ಒಂದು ಎಮ್ಮೆ ಹಾಯುವಷ್ಟು ಜಾಗ ಬಿಟ್ಟು ನಿಂತರು. ನನ್ನ ಬೆನ್ನು ನೀರಿನ ಟಾಕಿಗೆ ಹತ್ತಿತ್ತು, ಹಿಂದೆ ಸರಿಯುವಂತಿರಲಿಲ್ಲ. ನಾನೋ ಒಂದು ಕಣ್ಣು ಮುಚ್ಚಿದರೆ ಇನ್ನೊಂದೂ ಮುಚ್ಚಿಹೋಗುವವಳು. ಚಷ್ಮಾ ತೆಗೆಯದೆ, ಎಡಗಣ್ಣಿಗೆ ಸೆರಗು ಒತ್ತಿ ನೋಡಿದೆ. ಬರೀ ಗೋಡೆ ಕಂಡಿತು.

"ಏ ವಸಂತಾ, ಸನೇಕ ಸರಿ. ಅಕಿಗೇನು ಸಿಡುಬು ಎದ್ದೈತೇನು?"

ಸರಿದರು. ಅವನ ಮೂಗು, ಇವಳ ಬಳೆ ಕಿಂಡಿಯೊಳಗೆ ಬಂದವು.

"ಇನ್ನೂ ಸನೇಕ!"

"ಅತ್ತೀ, ಮಂದಿ ನೋಡಾಕತ್ತಾರ್ರೀ," ಎಂದಳು ಶಾಂತಾ.

"ಮಂದಿ ನನಗ ಕಾಣಸೂದಿಲ್ಲ. ನೀವೂ ಕಾಣವಲ್ರಿ."

ಮೇಲಿನ ಮಹಡಿಯ ಸುಶೀಲಾತಾಯಿ ಹೊರಬಂದು, "ಆಜೀ, ಆಣಖೀ ಜವಳ!" ಎಂದು ಮರಾಠಿಯಲ್ಲಿ ಇನ್ನಷ್ಟು ಹತ್ತಿರ ತಳ್ಳಿದಳು. ಚಾಳೆಲ್ಲ ಅದನ್ನೇ ಕೂಗಿ ಚಪ್ಪಾಳೆ ತಟ್ಟಿತು. ಭುಜಕ್ಕೆ ಭುಜ ತಾಗಿತು. ಶಾಂತಾ ನಕ್ಕುಬಿಟ್ಟಳು. ಇಬ್ಬರೂ ಪೂರ್ತಿ ಕಂಡರು, ಒತ್ತಿದೆ.

ಫೋಟೋ ತೊಳೆದು ಬಂತು. ಎಡಕ್ಕೂ ಬಲಕ್ಕೂ ಖಾಲಿ ಅಂಗಳ, ಒಣಹಾಕಿದ ಧೋತರ, ಯಾರದೋ ಬಕೀಟು. ನಡುವೆ ಅಂಟಿಕೊಂಡ ಇಬ್ಬರು. ಕ್ಯಾಮೆರಾ ಎಲ್ಲವನ್ನೂ ನೋಡಿತ್ತು, ನಾನೇ ನೋಡಿರಲಿಲ್ಲ. ನನಗೂ ಎಲ್ಲ ಕಂಡಿದ್ದರೆ ಅವರನ್ನು ಎಮ್ಮೆಯಷ್ಟು ದೂರವೇ ನಿಲ್ಲಿಸಿ ಒತ್ತಿಬಿಡುತ್ತಿದ್ದೆ.

"ಅವ್ವಾ, ಒಂದು ದಿಬ್ಬಣ ನಿಲ್ಲೂವಷ್ಟು ಜಾಗ ಇತ್ತಲ್ಲ! ಮುಂದಿನ ಸಲ ಚಷ್ಮಾ ತಗದು ನೋಡು," ಎಂದ ವಸಂತ.

ಶಾಂತಾ ತಾಯಿಗೆ ಕಳಿಸಲು ಫೋಟೋವನ್ನು ಲಕೋಟೆಗೆ ಹಾಕುತ್ತಿದ್ದಳು. ತಲೆ ಎತ್ತದೆ, "ಬ್ಯಾಡ್ರೀ ಅತ್ತೀ, ಚಷ್ಮಾ ಇರ್ಲಿ," ಎಂದಳು.

ಮದುವೆಯಾದ ಮೇಲೆ ಅವಳು ಗಂಡನ ಮಾತಿಗೆ ಎದುರಾಡಿದ್ದು ಅದೇ ಮೊದಲು. ಮಾತೂ ಸರಿಯಾಗಿಯೇ ಇತ್ತು.