ಮುಡಿಯಲ್ಲಿಲ್ಲದ ಮಲ್ಲಿಗೆ

ಸುಗಂಧ ಬೆರೆಸುವುದನ್ನು ನನಗೆ ಯಾರೂ ಕಲಿಸಲಿಲ್ಲ. ಫೋನಿನಲ್ಲಿ ನೋಡಿ ನೋಡಿ ಕಲಿತದ್ದು. ಶಿವಮೊಗ್ಗದ ರವೀಂದ್ರನಗರದಲ್ಲಿರುವ ನಮ್ಮ ಮನೆಯ ಕಿಟಕಿ ಕಟ್ಟೆಯ ತುಂಬ ಪುಟ್ಟ ಬಾಟಲಿಗಳು: ಕಿತ್ತಳೆ ಸಿಪ್ಪೆಯ ಎಣ್ಣೆ, ನಿಂಬೆಯದು, ಮಲ್ಲಿಗೆಯದು. "ನಿನ್ನಿಂದ ಮನೇಲಿ ಒಗ್ಗರಣೆ ವಾಸನೇನೂ ಗೊತ್ತಾಗಲ್ಲ ಮಾರಾಯ್ತಿ" ಎಂದು ಅಮ್ಮ ಬೈಯುತ್ತಿದ್ದಳು.

ಆ ಹುಚ್ಚಿನಲ್ಲೇ, ಬಾಟಲಿಗೊಂದು ಹೆಸರು ಹುಡುಕುತ್ತ ನಾರ್ಸ್ ಪುರಾಣ ಓದಿದೆ. ಹಿಮನಾಡಿನ ದೇವತೆ ಫ್ರೇಯಾ. ಗಂಡ ಎದ್ದು ಹೋದವನು ತಿರುಗಿ ಬರಲಿಲ್ಲ. ಅವಳು ದೇಶ ದೇಶ ಸುತ್ತಿ ಹುಡುಕಿದಳು, ಅತ್ತಾಗ ಕಣ್ಣೀರು ಚಿನ್ನವಾಯಿತು.

ಓದುತ್ತಲೇ ಭದ್ರಾವತಿಯ ಚಿಕ್ಕಮ್ಮ ಕಣ್ಣಮುಂದೆ ಬಂದಳು. ಚಿಕ್ಕಪ್ಪನೂ ಒಂದು ಬೆಳಿಗ್ಗೆ ಕಾಫಿ ಕುಡಿದು ಹೊರಟವರು, ವರ್ಷಗಳಾದರೂ ಸುದ್ದಿಯಿಲ್ಲ. ಅಂದಿನಿಂದ ಚಿಕ್ಕಮ್ಮ ಕುಂಕುಮ ಬಿಟ್ಟಿರಲಿಲ್ಲ, ಹೂವು ಮಾತ್ರ ಬಿಟ್ಟಿದ್ದಳು. ಅಕ್ಕನ ಸೀಮಂತಕ್ಕೆ ಕರೆದುಕೊಂಡು ಬರಲು ಹೋದಾಗ ಹೂವು ಯಾಕೆ ಬಿಟ್ಟದ್ದೆಂದು ಕೇಳಿದೆ.

"ಮುಡಿದ್ರೆ ಯಾರಿಗೆ ತೋರ್ಸೋಕೆ ಅಂತಾರೆ ನಮ್ಮತ್ತೆ. ಮುಡೀದಿದ್ರೆ ಗಂಡನ್ನ ಸಾಯ್ಸೇ ಬಿಟ್ಲು ಅಂತಾರೆ ಬೀದಿಯವ್ರು. ನೀನೇ ಹೇಳು, ಏನ್ ಮಾಡ್ಲಿ?"

ಅವಳಿಗೆಂದೇ ಬೆರೆಸಿದ್ದ ಬಾಟಲಿಯನ್ನು ಕೊಟ್ಟು ಫ್ರೇಯಾಳ ಕಥೆ ಹೇಳಿದೆ.

"ಚಿನ್ನದ ಕಣ್ಣೀರಾ? ಪರವಾಗಿಲ್ಲ ಬಿಡು, ಅತ್ತಿದ್ದಕ್ಕೆ ಅವಳಿಗೆ ಏನಾದ್ರೂ ಸಿಕ್ತು" ಎಂದು ನಕ್ಕಳು. ಮೂಸಿ ನೋಡಿ ಕಣ್ಣು ಮುಚ್ಚಿದಳು. "ಮಲ್ಲಿಗೆ ಇದೆ ಕಣೇ ಇದ್ರಲ್ಲಿ. ಯಾರಾದ್ರೂ ಏನಾದ್ರೂ ಅಂದ್ರೆ?"

"ಮೇಲೆ ಕಿತ್ತಳೆ, ನಿಂಬೆ ಇದೆ ಚಿಕ್ಕಮ್ಮ. ಯಾರಿಗೂ ಗೊತ್ತಾಗಲ್ಲ."

ಕುತ್ತಿಗೆಗೆ, ಕಿವಿಯ ಹಿಂದೆ ಹಚ್ಚಿಕೊಂಡಳು. ಬಸ್ಸಿನಲ್ಲಿ ಅವಳ ಪಕ್ಕ ಕೂತರೆ ಆಗ ತಾನೇ ಕಿತ್ತಳೆ ಸುಲಿದ ಹಾಗಿತ್ತು. ಆದರೆ ಕಿತ್ತಳೆ, ನಿಂಬೆಯ ವಾಸನೆ ಮೊದಲು ಹಾರಿಹೋಗುತ್ತದೆ, ಹೂವಿನದು ಮೈಮೇಲೆ ಉಳಿಯುತ್ತದೆ. ಫೋನಿನ ಪಾಠದಲ್ಲಿ ಕೇಳಿದ್ದೆ. ಸೆಕೆಯಲ್ಲಿ, ಜನ ತುಂಬಿದ ಸೀಮಂತದ ಹಾಲ್‌ನಲ್ಲಿ ಅದು ಅಷ್ಟು ಬೇಗ ಆಗುತ್ತದೆಂದು ಎಣಿಸಿರಲಿಲ್ಲ.

ಅಂದು ಪೇಟೆಯಲ್ಲಿ ಮಲ್ಲಿಗೆಯೇ ಸಿಕ್ಕಿರಲಿಲ್ಲ. ತಟ್ಟೆಯಲ್ಲಿದ್ದದ್ದು ಕನಕಾಂಬರ, ಅದಕ್ಕೆ ವಾಸನೆಯೇ ಇಲ್ಲ. ಅಕ್ಕನ ಅತ್ತೆ ಒಬ್ಬೊಬ್ಬರಿಗೂ ಕುಂಕುಮವಿಟ್ಟು ಮುಡಿಗೆ ಹೂವು ಸಿಕ್ಕಿಸುತ್ತ ಬಂದವರು ಚಿಕ್ಕಮ್ಮನ ಮುಂದೆ ನಿಂತರು. ಮೂಗು ಅರಳಿತು.

"ಎಲ್ಲೂ ಸಿಗದ ಮಲ್ಲಿಗೆ ನಿಮಗೆಲ್ಲಿ ಸಿಕ್ತು? ಮುಡೀಲಿ ಕಾಣ್ತಾ ಇಲ್ವಲ್ಲ. ಒಳಗೊಳಗೇ ಮುಡ್ಕೊಂಡಿದೀರೋ ಹೇಗೆ?"

ಯಾರೋ ಕಿಸಕ್ಕೆಂದರು. "ಅದು ಸೆಂಟು, ನಾನೇ..." ಎಂದೆ. ನನ್ನ ಮಾತು ಯಾರಿಗೂ ಬೇಕಿರಲಿಲ್ಲ. ಚಿಕ್ಕಮ್ಮ ತಿರುಗಿ ಕೂತು ಬರಿಯ ತುರುಬು ತೋರಿಸಿದಳು.

"ನೋಡಿ, ಏನೂ ಇಲ್ಲ. ಈಗ ಹೂವು ಕೊಡ್ತೀರೋ ಇಲ್ವೋ ಹೇಳ್ಬಿಡಿ. ಕೊಟ್ರೆ ಮುಡೀತೀನಿ."

ಆಕೆ ಕುಂಕುಮ ಇಟ್ಟರು. ಹೂವನ್ನು ಮಾತ್ರ ಮುಡಿಗೆ ಸಿಕ್ಕಿಸಲಿಲ್ಲ, ಕೈಗೆ ಹಾಕಿ ಮುಂದೆ ಹೋದರು. ಊಟದ ಹೊತ್ತಿಗೂ ಚಿಕ್ಕಮ್ಮ ಎಡಗೈ ಮುಷ್ಟಿ ಬಿಚ್ಚಿರಲಿಲ್ಲ.

ಸಂಜೆ ಬಿಟ್ಟುಬರಲು ನಾನೂ ಬಸ್ಸು ಹತ್ತಿದೆ. ಶಿವಮೊಗ್ಗ ದಾಟಿದ ಮೇಲೆ ಅವಳು ಮುಷ್ಟಿ ಬಿಚ್ಚಿದಳು. ಬಾಡಿದ ಕನಕಾಂಬರ.

"ಪಿನ್ ಇದೆಯೇನೆ?"

ನನ್ನ ಕೂದಲಿನದನ್ನೇ ತೆಗೆದು ಸಿಕ್ಕಿಸಿದೆ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ, ತುರುಬು ಎಲ್ಲರಿಗೂ ಕಾಣುವ ಹಾಗೆ ಕೂತಿದ್ದಳು. ಭದ್ರಾವತಿ ಬಸ್ ಸ್ಟ್ಯಾಂಡ್ ಬಂತು. ಇಳಿಯುವ ಮೊದಲು ಹೂವನ್ನು ತಾನೇ ಕಿತ್ತು ಪಿನ್ನನ್ನು ನನ್ನ ಕೈಗಿಟ್ಟಳು.

"ಅತ್ತೆ ಬಾಗ್ಲಲ್ಲೇ ಕೂತಿರ್ತಾರೆ."

ಇಳಿದು ಎರಡು ಹೆಜ್ಜೆ ಹೋದವಳು ನಿಂತು ಕೇಳಿದಳು, "ಈ ವಾಸನೆ ಹೋಗತ್ತಾ?"

"ಇನ್ನೂ ಸ್ವಲ್ಪ ಹೊತ್ತು ಇರತ್ತೆ. ಸೋಪು ಹಾಕಿ ತೊಳ್ಕೊಂಡ್ರೆ ಹೋಗತ್ತೆ ಚಿಕ್ಕಮ್ಮ."

ಬಸ್ ಸ್ಟ್ಯಾಂಡಿನ ನಲ್ಲಿ ಅಲ್ಲೇ ಇತ್ತು. ಅದರತ್ತ ನೋಡಿದಳು. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು, ತೊಳೆಯದೆ ಮನೆಯ ಕಡೆ ನಡೆದಳು.