ಎತ್ತಿದ ಕಾಲು

ಕಳೆದ ವರ್ಷ ಗಣಪತಿ ಹಬ್ಬದ ಹೊತ್ತಿನ ಮಾತು. ನೆನೆದರೆ ಈಗಲೂ ನನ್ನ ಬಲಗಾಲು ತಣ್ಣಗಾಗುತ್ತದೆ.

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಒದ್ದರೆ ಟೊಂಕದ ಉಳುಕು ಬಿಡುತ್ತದೆ ಎಂದು ನಮ್ಮ ಧಾರವಾಡದ ಕಡೆಯೂ ನಂಬುತ್ತಾರೆ, ನಾನೀಗಿರುವ ಪುಣೆಯಲ್ಲೂ ನಂಬುತ್ತಾರೆ. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಓಣಿಯ ಎಷ್ಟೋ ಬೆನ್ನುಗಳಿಗೆ ಒದ್ದಿದ್ದೇನೆ. ಒದೆಸಿಕೊಂಡವರು ಚಹಾ ಕುಡಿದು, ಹೊಗಳಿ ಹೋಗುತ್ತಿದ್ದರು. ನನಗೂ ಅದೊಂದು ಹೆಮ್ಮೆ.

ಆದರೆ ಸ್ಕೂಟರಿನಿಂದ ಬಿದ್ದು ನನ್ನದೇ ಡಿಸ್ಕ್ ಜಾರಿದಾಗ ಡಾಕ್ಟರು ಪಿಲಾಟೆಸ್ ಎಂಬ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಬಳಿ ಕಳಿಸಿದರು. ಸ್ಪ್ರಿಂಗ್ ಕಟ್ಟಿದ, ಹಿಂದೆ ಮುಂದೆ ಜಾರುವ ಮಂಚ ನೋಡಿಯೇ ನನ್ನ ಜೀವ ಹಾರಿತು. ಮರಾಠಿಯವರಾದ ಆ ಟೀಚರ್ ಅದರ ಮೇಲೆ ಮಲಗಿಸುವ ಮೊದಲು ಪ್ರತಿ ಸಲ ಕೇಳುತ್ತಿದ್ದರು: ಎಲ್ಲಾದರೂ ಜೋಮು ಹಿಡಿದಿದೆಯೇ, ಕಾಲ್ಬೆರಳುಗಳು ಆಡುತ್ತವೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ? ಇದರಲ್ಲಿ ಒಂದು ಕೆಟ್ಟರೂ ವ್ಯಾಯಾಮವಿಲ್ಲ, ನೇರ ಆಸ್ಪತ್ರೆಗೆ ಎನ್ನುತ್ತಿದ್ದರು. ಇದೇನು ನಾಚಿಕೆಗೇಡು ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೂ ಅವರು ಹೇಳಿದಂತೆ ಉಸಿರು ಬಿಡುತ್ತ, ಹೊಟ್ಟೆ ಬಿಗಿಹಿಡಿದು ಕಾಲು ಚಾಚಿ ಮಡಚಿ, ನಿಧಾನಕ್ಕೆ ನೆಟ್ಟಗೆ ನಿಲ್ಲುವಂತಾದೆ.

ಅಷ್ಟರಲ್ಲಿ ಪುಣೆಯ ಹತ್ತಿರದ ಸಾಸವಡದಲ್ಲಿ ನೆಲೆಸಿದ್ದ ನನ್ನ ಸೋದರಮಾವ ಬಂದರು. ಲಿಫ್ಟ್ ಕೆಟ್ಟಿತ್ತು. ಸೀತಾಫಲದ ಪೆಟ್ಟಿಗೆಯನ್ನು ತಾವೇ ಮೇಲಕ್ಕೆ ಹೊತ್ತು ತಂದರು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ನಮ್ಮ ಮನೆಯವರು ಅವರನ್ನು ಚಾಪೆಯ ಮೇಲೆ ಬೋರಲು ಮಲಗಿಸಿ ನನ್ನನ್ನು ಕರೆದರು.

"ಸುನಂದಾ, ಒಂದ್ ಸಲ ಒದಿಯವಾ. ನಿನ್ನ ಕಾಲಿಗೆ ಆ ಗುಣ ಅದ," ಎಂದರು ಮಾಮಾ.

ರೂಢಿಯಂತೆ ಕಾಲೆತ್ತಿದೆ. ಆಗ ಅವರ ಬಲಪಾದ ಕಣ್ಣಿಗೆ ಬಿತ್ತು. ಸತ್ತಂತೆ ಹೊರಳಿ ಬಿದ್ದಿತ್ತು. ಬೆರಳು ಆಡಿಸಿ ಎಂದೆ, ಆಡಲಿಲ್ಲ. ಕೂರುವ ಜಾಗವೆಲ್ಲ ಜೋಮು ಹಿಡಿದಿದೆ ಎಂದರು. ಮೂರನೆಯದನ್ನು, ಮೂತ್ರದ ಮಾತನ್ನು, ಕೇಳಲು ನಾಲಿಗೆ ಏಳಲಿಲ್ಲ, ನನ್ನನ್ನು ಎತ್ತಿ ಆಡಿಸಿದ ಹಿರಿಯರು. ಆದರೂ ಕೇಳಿಬಿಟ್ಟೆ.

ಮಾಮಾ ಮುಖವನ್ನು ಚಾಪೆಗೆ ಒತ್ತಿಕೊಂಡರು. "ರಾತ್ರಿಯಿಂದ ಆಗಿಲ್ಲ. ನಿನ್ನ ಮುಂದ ಹ್ಯಾಂಗ ಹೇಳ್ಲಿ?"

ಒಂದು ಸಲ ಒದ್ದು ನೋಡಿದರೆ ಏನಾಗುತ್ತದೆ ಎಂದು ಮನೆಯವರು ಒತ್ತಾಯಿಸಿದರು. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. "ಅವರನ್ನ ಯಾರೂ ಮುಟ್ಟಬ್ಯಾಡ್ರಿ. ಮೊದಲು ಆಂಬುಲೆನ್ಸ್ ಕರೀರಿ."

ದಾರಿಯುದ್ದಕ್ಕೂ ಗಣಪತಿ ಮಂಟಪಗಳು, ಢೋಲಿನ ಸದ್ದು. ಗಾಡಿ ಒಂದೊಂದು ಗುಂಡಿಗೆ ಇಳಿದಾಗಲೂ ಮಾಮಾನ ಪಾದ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದೆ. ಅಂದೇ ಮಧ್ಯಾಹ್ನ ಆಪರೇಷನ್ ಆಯಿತು. ಜಾರಿದ ಡಿಸ್ಕಿನಡಿ ನರಗಳು ಹಿಚುಕಿಹೋಗುವುದರಲ್ಲಿದ್ದವು, ತಡವಾಗಿದ್ದರೆ ಕಾಲಿಗೆ ಶಕ್ತಿ ಮರಳುತ್ತಿರಲಿಲ್ಲ ಎಂದರು ಡಾಕ್ಟರು. ಒದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಆ ಕಾಲು ಮತ್ತೆ ಆಡುತ್ತಿರಲಿಲ್ಲವೇನೋ, ಇನ್ನು ಯಾರಿಗೂ ಒದೆಯಬೇಡಿ ಎಂದರು.

ತಿಂಗಳುಗಳ ನಂತರ, ಡಾಕ್ಟರು ಒಪ್ಪಿದ ಮೇಲೆ, ಮಾಮಾನನ್ನು ಅದೇ ಟೀಚರ್ ಬಳಿ ಕರೆದೊಯ್ದೆ. ಮಾಮಾ ಆ ಜಾರುವ ಮಂಚದ ಮೇಲೆ ಮಲಗಿ, ಬಲಪಾದವನ್ನು ಅದರ ತುದಿಯ ಅಡ್ಡಪಟ್ಟಿಗೆ ಇಟ್ಟು ಒತ್ತಿದರು. ಮಂಚ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದರು. ಗೇಣಷ್ಟು ಜಾರಿತು.

"ಅವತ್ತ ನೀ ಒದಿಲಿಲ್ಲಲ್ಲ, ಈಗ ನಾನಽ ಒದಿಲಿಕತ್ತೀನಿ ನೋಡು," ಎಂದರು ಮಾಮಾ.

ನಾನು ಗೋಡೆಗೆ ಮುಖ ತಿರುಗಿಸಿ ಅತ್ತುಬಿಟ್ಟೆ.

ಓಣಿಯವರು ಈಗಲೂ ಉಳುಕೆಂದು ಬರುತ್ತಾರೆ. ಚಹಾ ಕೊಡುತ್ತೇನೆ, ಟೀಚರ್ ಕೇಳುತ್ತಿದ್ದುದನ್ನೆಲ್ಲ ನಾಚದೆ ಕೇಳುತ್ತೇನೆ. ಕಾಲು ಮಾತ್ರ ನೆಲ ಬಿಟ್ಟು ಏಳುವುದಿಲ್ಲ.