ಅಂಗಳದಲ್ಲಿ ನಿಂತ ಮೋಟಾರು

ಬೊಬ್ರುವಾಡದ ನಮ್ಮ ಮನೆಯ ಅಂಗಳಕ್ಕೆ ಒಂದೇ ಒಂದು ದಿನ ಮೋಟಾರು ಬಂದಿತ್ತು. ಕಾರವಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಬಿಳಿ ಸಾಹೇಬನದು ಅದು. ಅವನು ನೌಕರಿ ಮುಗಿಸಿ, ಮೋಟಾರನ್ನು ಮಾರಿ ತನ್ನ ದೇಶಕ್ಕೆ ಹೋಗುವವನಿದ್ದ. ಆಗ ಅಂಕೋಲೆಯಲ್ಲಿ ಕಾಣುತ್ತಿದ್ದ ಒಂದೆರಡು ಮೋಟಾರುಗಳಿಗೆ ಕ್ಯಾನ್ವಾಸಿನ ಹೊದಿಕೆ. ಇದಕ್ಕೋ ಗಟ್ಟಿ ಚಾವಣಿ, ನಾಲ್ಕೂ ಬಾಗಿಲಿಗೆ ಗಾಜು, ಹಿಂದುಗಡೆ ಒಬ್ಬರು ಮಲಗಬಹುದಾದಂಥ ಮೆತ್ತನೆಯ ತೊಗಲಿನ ಸೀಟು. ಆರೇಳು ವರ್ಷ ಓಡಿದ್ದರೂ ಮುಖ ಕಾಣುವಷ್ಟು ಹೊಳಪು. ಅದನ್ನು ಕೊಳ್ಳುವ ಯೋಚನೆ ಅಪ್ಪನ ತಲೆಗೆ ಬಂದದ್ದೇ ಆ ಸೀಟಿನ ಸಲುವಾಗಿ.

ನನ್ನ ತಮ್ಮ ಹುಟ್ಟಿದಾಗಿನಿಂದ ಅವ್ವನಿಗೆ ಸೊಂಟದ ಕೆಳಗೆ ಬಲವಿರಲಿಲ್ಲ. ಅವಳ ತವರು ಕದ್ವಾಡ, ಕಾರವಾರದ ಆಚೆ, ಕಾಳಿ ನದಿಯ ಬದಿಗೆ. ನಾಲ್ಕು ವರ್ಷದಿಂದ ಹೋಗಿರಲಿಲ್ಲ. ಬಸ್ಸಿನ ಹಲಗೆಯ ಮೇಲೆ ಕೂರಲಾರಳು. ಒಮ್ಮೆ ಎತ್ತಿನ ಗಾಡಿಗೆ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟವರು, ಅವಳ ನರಳಾಟ ಕೇಳಲಾರದೆ ಅವರ್ಸಾದಿಂದಲೇ ತಿರುಗಿ ಬಂದಿದ್ದರು. ಕದ್ವಾಡದ ಅಜ್ಜಿಗೆ ಕಣ್ಣು ಹೋಗಿತ್ತು, ಅವಳೂ ಬರುವಂತಿರಲಿಲ್ಲ. ಈ ಕಡೆ ಬರುವವರ ಕೈಯಲ್ಲಿ ಮುರುಗಲ ಹಣ್ಣಿನ ಹುಳಿ ಸಿಪ್ಪೆ ಕಳಿಸುತ್ತಿದ್ದಳು. ಅವ್ವ ಅದನ್ನು ಸಾರಿಗೆ ಹಾಕಗೊಡದೆ ತಲೆದಿಂಬಿನ ಅಡಿಗೆ ಇಟ್ಟುಕೊಳ್ಳುತ್ತಿದ್ದಳು. ದಿಂಬೆಲ್ಲ ಕಲೆಯಾಗಿತ್ತು.

ಊರವರು ಸುಮ್ಮನಿರುತ್ತಾರೆಯೇ? "ಗದ್ದೆ ಬದುವಿನ ಮೇಲೆ ಓಡಿಸ್ತ್ಯೇನೋ?" ಎಂದು ಒಬ್ಬ. "ಮೋಟಾರು ಸಾಕೂದೂ ಒಂದೇ, ಆನೆ ಸಾಕೂದೂ ಒಂದೇ" ಎಂದು ಇನ್ನೊಬ್ಬ. ಅಪ್ಪ ಇಂಥದ್ದಕ್ಕೆ ಸೊಪ್ಪು ಹಾಕುವವನಲ್ಲ. ಅವನಿಗೆ ಹೆದರಿಕೆಯೆಂದರೆ ಊರ ದೇವಿಯದು ಒಂದೇ. ನಮ್ಮಲ್ಲಿ ಮನೆಗೆ ಸೊಸೆ ತರುವುದಿರಲಿ, ಎತ್ತು ತರುವುದಿರಲಿ, ಮೊದಲು ಪ್ರಸಾದ ಕೇಳಬೇಕು. ಗುಡಿಯಲ್ಲಿ ಪೂಜೆ ಮಾಡುವ ಗುನಗರು ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವಿಯ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ.

ಸಾಹೇಬನ ಡ್ರೈವರು ಮೋಟಾರನ್ನು ತೋರಿಸಲೆಂದು ಬೆಳಿಗ್ಗೆಯೇ ತಂದಿದ್ದ. ಸಂಜೆಯೊಳಗೆ ಒಯ್ಯಬೇಕು. ಕುಮಟೆಯ ಯಾರೋ ಕೊಳ್ಳಲು ಕಾದಿದ್ದರಂತೆ. ನಾಲ್ಕು ಜನ ಸೇರಿ ಅವ್ವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವಳು ನರಳಲಿಲ್ಲ. ಡ್ರೈವರಿಗೇ ಮನಸ್ಸು ಕರಗಿತು.

"ಒಡೆಯಾ, ಈಗಲೇ ಕದ್ವಾಡಕ್ಕೆ ಹೋಗಿ ಬರುವಾ. ಅಮ್ಮ ಮಲಗಿಯೇ ಬರ್ಲಿ. ತಕಂಬೂದು ಬಿಡೂದು ಆಮೇಲೆ."

"ಪ್ರಸಾದ ಕೇಳ್ದೆ ಚಕ್ರ ಉರುಳೂದು ಬೇಡ" ಎಂದ ಅಪ್ಪ. ಹೆಗಲಿಗೆ ಪಂಜೆ ಹಾಕಿಕೊಂಡು ಗುಡಿಗೆ ಹೋದ.

ಎಸಳು ಬೀಳುವುದಕ್ಕೆ ಒಮ್ಮೊಮ್ಮೆ ಗಳಿಗೆ ಸಾಕು, ಒಮ್ಮೊಮ್ಮೆ ಅರ್ಧ ದಿನ ಬೇಕು. ಅವ್ವ ಸೀಟಿನಲ್ಲಿ, ನಾನು ಅವಳ ಕಾಲ ಬಳಿ. ನನಗಾಗ ಹತ್ತು ವರ್ಷ. ಅಪ್ಪನ ಜೊತೆ ಬಸ್ಸಿನಲ್ಲಿ ಎರಡು ಸಲ ಕದ್ವಾಡಕ್ಕೆ ಹೋಗಿ ಬಂದ ಜಂಬ ಬೇರೆ.

"ಮಗಳೇ, ನಾ ಕಣ್ಣು ಮುಚ್ತೆ. ನೀ ದಾರಿ ಹೇಳ್ತಾ ಬಾ" ಎಂದಳು ಅವ್ವ.

ನಿಂತ ಮೋಟಾರನ್ನು ನಾನು ಬಾಯಲ್ಲೇ ಹೊರಡಿಸಿದೆ. ಅಂಕೋಲೆ ಪೇಟೆ ದಾಟಿಸಿದೆ. "ಅವರ್ಸಾ ಬಂತು" ಎಂದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಇಲ್ಲೇ ಅಲ್ವೇನೆ ಆವತ್ತು ತಿರುಗದ್ದು? ಮುಂದೆ ಹೊಡಿ."

ಹಾರವಾಡ ದಾಟಿತು. ಅಮದಳ್ಳಿಯಲ್ಲಿ ಕಣ್ಣು ಮುಚ್ಚಿಯೇ ಗಣಪತಿಗೆ ಕೈ ಮುಗಿದಳು. ಚೆಂಡಿಯಾ, ಅರ್ಗಾ. "ಸಮುದ್ರ ಕಾಣ್ತದೇನೆ?" "ಕಾಣ್ತದೆ ಅವ್ವ." ಅವಳ ಮುಖ ಎಳೆಯ ಹುಡುಗಿಯದಾಗಿತ್ತು. ಅಂಥ ಮುಖ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ನನಗೆ ಆ ಮೆತ್ತನೆಯ ಸೀಟು ಬಿಟ್ಟು ಇಳಿಯುವ ಮನಸ್ಸಿರಲಿಲ್ಲ. ಕದ್ವಾಡ ಬಂದುಬಿಟ್ಟರೆ ಆಟ ಮುಗಿಯುತ್ತದಲ್ಲ! ಅದಕ್ಕೇ ಬಿಣಗಾದಲ್ಲಿ ಮೋಟಾರು ನಿಲ್ಲಿಸಿದೆ. ಅಜ್ಜಿಗೆ ಬಂಗಡೆ ಕೊಳ್ಳಬೇಕು ಎಂದೆ. ಅವ್ವ ನಕ್ಕಳು. "ದೊಡ್ಡ ದೊಡ್ಡದು ನೋಡಿ ತಕ. ಬೇಗ ಬಾ." ನಾನೇ ಮೀನು ಮಾರುವವಳಾಗಿ, ನಾನೇ ಕೊಳ್ಳುವವಳಾಗಿ ಬೆಲೆಗೆ ಜಗ್ಗಾಡುತ್ತ ಕೂತೆ.

ಅಷ್ಟರಲ್ಲಿ ಅಪ್ಪ ಬಂದ. ಮೋಟಾರಿನ ಬಾಗಿಲು ಹಿಡಿದು ನಿಂತ.

"ಎಡದ್ದು ಬಿತ್ತು" ಎಂದ.

ಅವ್ವ ಕಣ್ಣು ಬಿಟ್ಟಳು. "ಆಗ್ಲಿ ಬಿಡಿ" ಎಂದಳು, ಅಷ್ಟೇ. ಅದೇ ನಾಲ್ಕು ಜನ ಅವಳನ್ನು ಎತ್ತಿ ಒಳಗೆ ಮಲಗಿಸಿದರು.

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಅವ್ವ ತೀರಿಹೋದಳು. "ಹೋಗಿ ಬಂದು ಕೇಳಿದ್ರೆ ದೇವಿ ಸಿಟ್ಟಾಗ್ತಿತ್ತೇನೆ?" ಎಂದು ಅಪ್ಪ ಎಷ್ಟೋ ವರ್ಷ ನನ್ನನ್ನೇ ಕೇಳಿದ. ನನಗೆ ಅವನ ಮೇಲೆ ಸಿಟ್ಟಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರದೂ ತಪ್ಪಿಲ್ಲ, ಪೂಜಾರಿಯದೂ ತಪ್ಪಿಲ್ಲ. ಕೊಳ್ಳಲೋ ಬೇಡವೋ ಎಂದು ಅಪ್ಪ ಕೇಳಿದ, ದೇವಿ ಬೇಡವೆಂದಳು. ಒಂದು ಸಲ ತವರಿಗೆ ಕರೆದೊಯ್ಯಲೇ ಎಂದು ಯಾರೂ ಕೇಳಲಿಲ್ಲ.

ಈಗ ಬಸ್ಸು ಬಿಣಗಾ ಮುಟ್ಟಿದರೆ ನಾನು ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತೇನೆ. ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡ ನಾನೂ ಅವ್ವನನ್ನು ದಾರಿಯಲ್ಲಿ ನಿಲ್ಲಿಸಿದ್ದು ಅಲ್ಲೇ. ಅಲ್ಲಿಂದ ಕದ್ವಾಡಕ್ಕೆ ಎಷ್ಟು ಮಹಾ ದೂರ? ಅವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು. ಎರಡು ಮಾತಿನಲ್ಲಿ ನಾನು ಅವಳನ್ನು ಮುಟ್ಟಿಸಬಹುದಿತ್ತು.